ಇವರು ಕಾಲಿಡದ ಓಣಿ

ಜೊತೆಯಲ್ಲಿ ನಡೆಯುತ್ತಿರುವವರು ಇದ್ದಕ್ಕಿದ್ದಂತೆ ನೇರ ದಾರಿ ಬಿಟ್ಟು ಬಳಸು ದಾರಿ ಹಿಡಿದರೆ, ಅವರು ಬಿಟ್ಟ ದಾರಿಯನ್ನು ಕತ್ತು ಚಾಚಿ ನೋಡುವುದು ನನ್ನ ಹಳೆಯ ಚಟ. ಮೊನ್ನೆ ತರಕಾರಿ ತರಲು ಹೋದಾಗ ಸೊಸೆ ಬೇಕರಿ ಇರುವ ರಸ್ತೆ ಬಿಟ್ಟು ಅಂಚೆ ಕಚೇರಿ ಸುತ್ತಿಸಿ ಕರೆದುಕೊಂಡು ಬಂದಳು. ನಾನು ನಿಂತುಬಿಟ್ಟೆ. "ಯಾಕಮ್ಮ, ಆ ಕಡೆ ಯಾರಿದ್ದಾರೆ?" ಎಂದೆ. "ಯಾರೂ ಇಲ್ಲತ್ತೆ. ನಿಮಗೆ ಸಕ್ಕರೆ ಕಾಯಿಲೆ, ಆ ಕಡೆ ಹೋದರೆ ನೀವು ಬೇಕರಿಗೆ ನುಗ್ಗುತ್ತೀರಿ" ಎಂದಳು. ಉತ್ತರ ಸರಿಯಾಗಿಯೇ ಇತ್ತು. ಆದರೂ ಮಧ್ಯಾಹ್ನ ಅವಳು ಮಲಗಿದ ಮೇಲೆ ಒಬ್ಬಳೇ ಹೋಗಿ ನೋಡಿ ಬಂದೆ. ಬೇಕರಿ ಇತ್ತು. ಬೆಣ್ಣೆ ಬಿಸ್ಕತ್ತೂ ಇತ್ತು.

ಈ ಚಟ ನನಗೆ ಅಂಟಿದ್ದು ಶಿಕಾರಿಪುರದಲ್ಲಿ, ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲಕ್ಕೆ. ಆಗಷ್ಟೇ ನನ್ನ ಮದುವೆಯಾಗಿತ್ತು. ನಮ್ಮವರಿಗೆ ಸೊರಬದ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟರ ಕೆಲಸ. ಬಾಡಿಗೆಗೆ ಗೊತ್ತುಮಾಡಿದ್ದ ಮನೆಯಲ್ಲಿ ಹಿಂದಿನವರ ಮಗಳು ಹೆರಿಗೆಗೆ ಬಂದು ಬಾಣಂತಿಯಾಗಿದ್ದಳು. ಹಸಿ ಬಾಣಂತಿಯನ್ನು ಎಬ್ಬಿಸಿ ಮನೆ ಖಾಲಿ ಮಾಡಿ ಅನ್ನುವುದುಂಟೆ? ಶಾಲೆಗೂ ಇನ್ನೂ ಬೇಸಿಗೆ ರಜೆ ಮುಗಿದಿರಲಿಲ್ಲ.

"ಶಿಕಾರಿಪುರದಲ್ಲಿ ಊರ ನಡುವೆ ಒಂದು ಹೋಟೆಲ್ ಇದೆ. ಮಹಡಿ ಮೇಲೆ ರೂಮು ಕೊಡ್ತಾರೆ. ಮನೆ ಖಾಲಿಯಾಗೋವರೆಗೆ ಅಲ್ಲಿದ್ದು ಗುಡಿ, ಕೆರೆ, ಹಳೇ ಕಲ್ಲು ಎಲ್ಲ ನಡೆದೇ ನೋಡೋಣ" ಎಂದರು ಇವರು.

"ಮೊದಲು ಹೋಗಿದ್ರಾ ಆ ಊರಿಗೆ?"

"ಇಲ್ಲ. ಕೇಳಿದ್ದೆ."

ಆಗ ನನಗೆ ಇವರ ಪರಿಚಯವೇ ಅಷ್ಟಕ್ಕಷ್ಟೆ. ಅರಸೀಕೆರೆ ಹತ್ತಿರದ ನಮ್ಮ ಹಳ್ಳಿಗೆ ನನ್ನನ್ನು ನೋಡಲು ಬಂದಾಗ ಇವರು ಚಾಪೆಯ ಅಂಚು ನೋಡುತ್ತ ಕೂತಿದ್ದು, ಕೊಟ್ಟ ಉಪ್ಪಿಟ್ಟು ತಿಂದು, "ಆಗಬಹುದು" ಎಂದು ಎದ್ದು ಹೋಗಿದ್ದರು. ನನ್ನ ಸೋದರತ್ತೆಗೆ ಅವತ್ತೇ ಅನುಮಾನ. ಅವಳ ಅನುಮಾನಕ್ಕೆ ಮನೆಯಲ್ಲಿ ಕಿಮ್ಮತ್ತಿರಲಿಲ್ಲ ಬಿಡಿ. ಹಾಲಿನವಳ ಮೇಲೆ, ಅಗಸರ ಮೇಲೆ, ಮೊಟ್ಟೆ ಇಡದ ಕೋಳಿಯ ಮೇಲೆ ಕೂಡ ಅವಳಿಗೆ ಅನುಮಾನವಿತ್ತು. ಚಿಕ್ಕವಳಿದ್ದಾಗ ನಮ್ಮೂರ ಕೆರೆ ಏರಿಯ ವೀರಗಲ್ಲಿನ ಬುಡದಲ್ಲಿ ನಾವು ಅಡುಗೆ ಆಟ ಆಡಿದರೆ, "ಆ ಕಲ್ಲಲ್ಲಿರೋರು ನಡುಮಧ್ಯಾಹ್ನ ಕತ್ತಿ ಹಿಡ್ಕೊಂಡು ಇಳಿದು ಬರ್ತಾರೆ, ನೋಡ್ಕೊಳ್ಳಿ" ಎಂದು ಹೆದರಿಸುತ್ತಿದ್ದಳು. ಹುಣಿಸೆಕಾಯಿ ಕುಟ್ಟುತ್ತಲೇ ಒಂದು ಕಣ್ಣು ಕಲ್ಲಿನ ಮೇಲಿಟ್ಟು ಬೆಳೆದವಳು ನಾನು. ಮದುವೆ ಮುಗಿದು ಬಸ್ಸು ಹತ್ತುವಾಗ ಈ ಸೋದರತ್ತೆ ಕಿವಿಯಲ್ಲಿ ಹೇಳಿದ್ದಳು: "ತಲೆ ಎತ್ತದ ಗಂಡಸು ಒಂದೋ ದೇವರು, ಇಲ್ಲಾ ಕಳ್ಳ. ಯಾವುದು ಅಂತ ಬೇಗ ತಿಳ್ಕೋ."

ಹೋಟೆಲಿನಲ್ಲಿ ಕೆಳಗೆ ಊಟ ತಿಂಡಿ, ಮೇಲೆ ಎರಡು ಮೂರು ರೂಮು. ಸಂತೆಗೆ ಬರುವ ವ್ಯಾಪಾರಿಗಳು ಇಳಿದುಕೊಳ್ಳುತ್ತಿದ್ದ ಜಾಗ. ಹೆಂಗಸರು ಅಲ್ಲಿ ತಂಗಿದ್ದನ್ನು ಯಾರೂ ಕಂಡಿರಲಿಲ್ಲವೇನೋ. ನಾವು ಟ್ರಂಕು ಹೊತ್ತು ಮೆಟ್ಟಿಲು ಹತ್ತುವಾಗ ಕೆಳಗೆ ಉಣ್ಣುತ್ತಿದ್ದವರ ಕೈಗಳು ತಟ್ಟೆಯ ಮೇಲೆಯೇ ನಿಂತವು. ಹೋಟೆಲ್ ಯಜಮಾನನ ತಾಯಿ ಗೌರಮ್ಮನವರು, ಹಣೆ ತುಂಬ ವಿಭೂತಿ ಧರಿಸಿದ ದೊಡ್ಡ ದೇಹದ ಮುದುಕಿ, ಸಂಜೆಗೆ ಮೇಲೆ ಬಂದು ನನ್ನೆದುರು ಕೂತರು.

"ಇವ್ರು ನಿನಗೇನಾಗ್ಬೇಕು ತಂಗೀ?"

"ಯಜಮಾನರು."

"ಹೆಸರು?"

ಗಂಡನ ಹೆಸರು ಹೇಳುವುದು ಹೇಗೆ? ನಾಲಿಗೆ ಹೊರಳಲಿಲ್ಲ. "ಶಿವನ ಹೆಸರು" ಎಂದೆ.

"ಶಿವನಿಗೆ ಹೆಸರೇನ್ ಒಂದಾ ಎರಡಾ? ಸರಿಯಾಗಿ ಹೇಳು."

"ಸಿಟ್ಟು ಬಂದಾಗಿನ ಶಿವ."

"ಓ, ವೀರಭದ್ರಪ್ಪ!" ಎಂದು ಅವರೇ ಮುಗಿಸಿದರು. ಅಲ್ಲ ಅನ್ನಲು ನಾಚಿಕೆಯಾಯಿತು. ಅಷ್ಟರಲ್ಲಿ ಕೆಳಗಿನಿಂದ ಅವರ ಮಗ ಕೂಗಿದ: "ರುದ್ರಪ್ಪ ಮೇಷ್ಟ್ರೇ, ಊಟಕ್ಕೆ ಬರ್ರೀ." ಇವರು "ಬಂದೆ" ಎಂದು ಇಳಿದು ಹೋದರು. ಗೌರಮ್ಮನವರು ನನ್ನನ್ನು ನೋಡಿದ ನೋಟ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಗಂಡನ ಹೆಸರೇ ಗೊತ್ತಿಲ್ಲದ ಹೆಂಡತಿ! ಓಡಿ ಬಂದ ಜೋಡಿಯೇ ಸರಿ ಎಂದು ತೀರ್ಮಾನವಾಯಿತು. ಮರುದಿನದಿಂದ ಅವರು ಮೆಟ್ಟಿಲ ಬುಡದಲ್ಲೇ ಮಣೆ ಹಾಕಿಕೊಂಡು ಕೂರತೊಡಗಿದರು.

"ಎತ್ಲಾಗೆ ಹೊಂಟ್ರಿ?"

"ಗುಡಿ ನೋಡೋಕೆ" ಎನ್ನುವರು ಇವರು.

"ನಿನ್ನೆ ನೋಡಿದ್ರಲ್ಲ?"

"ಇವತ್ತು ಹಿಂದುಗಡೆ ನೋಡಬೇಕು."

ಗುಡಿಯ ಹಿಂದುಗಡೆ ಏನಿರುತ್ತದೆ ಹೇಳಿ? ಆಗಿನ ಕಾಲದಲ್ಲಿ ಜನ ಗುಡಿಗೆ ಹೋಗುತ್ತಿದ್ದುದು ಹಣ್ಣುಕಾಯಿ ಮಾಡಿಸಲು, ಹರಕೆ ತೀರಿಸಲು. ಸುಮ್ಮನೆ ನೋಡಲು ಹೋಗುವವರಿರಲಿಲ್ಲ. ಇವರೋ, ಊರ ದೇವರು ಹುಚ್ಚರಾಯನ ಗುಡಿಯಲ್ಲಿ ಕೈ ಮುಗಿದ ಶಾಸ್ತ್ರ ಮಾಡಿ ಹೊರಗೆ ಬಂದು, ಗೋಡೆಯ ಬುಡದ ಹುಲ್ಲು ಸರಿಸಿ ಕೂತುಬಿಡುತ್ತಿದ್ದರು. ಕೆರೆ ಏರಿಯ ಮೇಲೆ ಒರಗಿದ್ದ ಕಲ್ಲುಗಳನ್ನು ಒದ್ದೆ ಬಟ್ಟೆಯಿಂದ ಉಜ್ಜುತ್ತಿದ್ದರು. ನಾನು ಕೊಡೆ ಹಿಡಿದು, ನಾಲ್ಕು ಮಾರು ಹಿಂದೆ, ಇವರಿಗೂ ನನಗೂ ಸಂಬಂಧ ಇದೆಯೋ ಇಲ್ಲವೋ ಅನ್ನುವ ಹಾಗೆ ನಿಲ್ಲುತ್ತಿದ್ದೆ. ಒಂದು ದಿನ ಬಸ್ಸಿನಲ್ಲಿ ತಾಳಗುಂದಕ್ಕೂ ಹೋದೆವು. ಅಲ್ಲಿ ಇವರು ಶಾಸನದ ಕಂಬದ ಸುತ್ತ ಸುತ್ತುತ್ತಿದ್ದಾಗ ಹೊಲದಿಂದ ಒಬ್ಬ ರೈತ ಓಡಿ ಬಂದ. "ಸರ್ವೆಗೆ ಬಂದೀರೇನ್ರೀ? ನಮ್ಮ ಹೊಲದ ಹದ್ದುಬಸ್ತು ಆಗೈತೆ, ಮತ್ತೆ ಅಳೆಯಂಗಿಲ್ಲ" ಎಂದು ಬದುವಿನ ಮೇಲೆ ಅಡ್ಡ ನಿಂತ. ಇವರು ಕಲ್ಲಿನ ಅಕ್ಷರ ತೋರಿಸಿ ವಿವರಿಸಿದಷ್ಟೂ ಅವನ ಸಂಶಯ ಬಲಿಯಿತು. ನಾವು ಬಸ್ಸು ಹತ್ತುವವರೆಗೂ ಹಿಂದೆಯೇ ಬಂದ.

ಊರಿನ ಅನುಮಾನ ನನಗೂ ಹಿಡಿಯಿತು ಅನ್ನಬಹುದಿತ್ತು. ಆದರೆ ನನ್ನದಕ್ಕೆ ಬೇರೆಯೇ ಕಾರಣವಿತ್ತು. ಹೋಟೆಲಿನಿಂದ ಗುಡಿಯ ಕಡೆಗೆ ಹೋಗಲು ಒಂದು ನೇರ ಓಣಿ ಇತ್ತು. ಬಾಯಲ್ಲೇ ದೊಡ್ಡ ಬೇವಿನ ಮರ, ತಂಪು ನೆರಳು. ಇವರು ಮಾತ್ರ ಆ ಬೇವಿನ ಮರದ ಹತ್ತಿರ ಬರುತ್ತಲೇ ಎಡಕ್ಕೆ ಹೊರಳಿ, ಅಕ್ಕಿ ಗಿರಣಿಯ ತೌಡಿನ ಧೂಳು ಕುಡಿದುಕೊಂಡು, ಬಿಸಿಲಿನಲ್ಲಿ ಸುತ್ತಿ ಹೋಗುತ್ತಿದ್ದರು.

"ಈ ಓಣೀಲೇ ಹೋಗಬಹುದಲ್ಲ?" ಎಂದೆ ಮೊದಲ ದಿನ.

"ಕೆಸರು" ಎಂದರು. ವೈಶಾಖದ ಬಿಸಿಲಿಗೆ ನೆಲ ಬಿರಿಯುತ್ತಿತ್ತು!

ಇನ್ನೊಂದು ದಿನ ಕೇಳಿದೆ. "ಕಚ್ಚೋ ನಾಯಿ ಇದೆ."

ಮೊದಲು ಕಾಲಿಡದ ಊರಿನ ಕಾಲಿಡದ ಓಣಿಯಲ್ಲಿ ಕಚ್ಚುವ ನಾಯಿ ಇದೆಯೆಂದು ಇವರಿಗೆ ಹೇಗೆ ಗೊತ್ತು? ಕೇಳಲಿಲ್ಲ. ಅದೇ ಸಂಜೆ ಬಟ್ಟೆ ಅಂಗಡಿಯ ಗಲ್ಲಾದ ಮೇಲಿದ್ದವನು, "ಏನ್ ಮೇಷ್ಟ್ರೇ, ಮತ್ತೆ ಬಂದ್ರಾ?" ಎಂದು ಹಲ್ಲು ಕಿರಿದ. ಇವರು ಕೇಳಿಸದವರಂತೆ ಬಿರಬಿರನೆ ನಡೆದರು. "ಯಾರು?" ಎಂದರೆ, "ಯಾರನ್ನೋ ಅಂದ್ಕೊಂಡ" ಎಂದರು. ಕಿವಿ ಮಾತ್ರ ಕೆಂಪಾಗಿತ್ತು.

ಮನೆ ಏನಾಯಿತೆಂದು ವಿಚಾರಿಸಲು ಒಂದು ದಿನ ಇವರು ಬೆಳಗಿನ ಬಸ್ಸಿಗೆ ಸೊರಬಕ್ಕೆ ಹೋದರು. ನನ್ನ ಮುಖ ನೋಡಿ ಗೌರಮ್ಮನವರು ತಾವೇ ಮೇಲೆ ಹತ್ತಿ ಬಂದರು. ಒಂದು ಬಟ್ಟಲು ಮಂಡಕ್ಕಿ ನನ್ನ ಮುಂದಿಟ್ಟು, ಮೆಲ್ಲಗೆ ಶುರು ಮಾಡಿದರು.

"ತಪ್ಪು ತಿಳ್ಕೋಬೇಡ ತಂಗೀ. ನಿನ್ನ ಗಂಡನ್ನ ನಾನು ಮೊದ್ಲೇ ನೋಡೀನಿ. ಹೋದ ಸುಗ್ಗಿ ಟೈಮಿನಾಗೆ. ರುಮಾಲು ಸುತ್ತಿದ ಇಬ್ರು ಹಿರೇರ ಜೊತೆ ನಮ್ಮ ಹೋಟ್ಲಾಗೇ ಚಹಾ ಕುಡಿದು ಬೇವಿನಮರದ ಓಣಿಗೆ ಹೋದ."

"ಅಲ್ಲಿ ಯಾರಿದ್ದಾರೆ?"

"ಕಾಳಿನ ವ್ಯಾಪಾರದ ಮಲ್ಲಪ್ಪನ ಮನೆ ಐತೆ. ಮಗಳು ಅದಾಳೆ, ನೀಲಮ್ಮ ಅಂತ. ಏನಾತೋ ಏನೋ, ಇವನು ಹೋದ ಮ್ಯಾಲೆ ಆ ಹುಡುಗಿಗೆ ಒಂದು ಗಂಡೂ ಬಂದಿಲ್ಲ." ಸ್ವಲ್ಪ ತಡೆದು ಹೇಳಿದರು: "ನೀನು ಓಡಿ ಬಂದೋಳೇ ಆಗ್ಲಿ, ಧಾರೆ ಎರೆಸ್ಕೊಂಡೋಳೇ ಆಗ್ಲಿ, ನನಗೆ ಮಗಳಿದ್ದಂಗೆ. ತವರಿಗೆ ಹೋಗ್ತೀನಿ ಅಂದ್ರೆ ನಾಳೆ ಬಸ್ಸಿಗೆ ನಮ್ಮ ಸೊಸೆನ ಜೊತೆ ಮಾಡಿ ಕಳಿಸ್ತೀನಿ."

ಅವರು ಇಳಿದು ಹೋದ ಮೇಲೆ ನನ್ನ ಸೀರೆಗಳನ್ನೆಲ್ಲ ಟ್ರಂಕಿಗೆ ತುಂಬಿದೆ. ಇವರ ಅಂಗಿಗಳನ್ನು ತೆಗೆದು ಮಂಚದ ಮೇಲಿಟ್ಟೆ. ಆಮೇಲೆ ಅನಿಸಿತು, ನೋಡದೆ ಹೋದರೆ ಜೀವನಪೂರ್ತಿ ಆ ಓಣಿ ನನ್ನ ತಲೆಯಲ್ಲೇ ಉಳಿಯುತ್ತದೆ. ಸೆರಗು ಹೊದ್ದು ಹೊರಟೆ.

ಓಣಿಯಲ್ಲಿ ಕೆಸರಿರಲಿಲ್ಲ. ನಾಯಿ ಇತ್ತು. ಅದು ಬೊಗಳಿದ ಸದ್ದಿಗೆ ಒಂದು ಬಾಗಿಲು ತೆರೆದು ನನ್ನ ವಯಸ್ಸಿನದೇ ಹುಡುಗಿ ಹೊರಬಂದಳು. ಕೈಯೆಲ್ಲ ಸೋಪಿನ ನೊರೆ. ನಾಯಿಯನ್ನು ಗದರಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಕುಡಿಯೋಕೆ ನೀರು ಸಿಗುತ್ತಾ?" ಎಂದೆ.

"ಹೋಟ್ಲಾಗೆ ನೀರಿಲ್ಲೇನ್ರೀ?" ಎಂದಳು.

ಅಂದರೆ ನಾನು ಯಾರೆಂದು ಅವಳಿಗೆ ಗೊತ್ತು. ಇನ್ನು ನಾಟಕ ಯಾಕೆ? "ನಮ್ಮನೆಯವರು ಇಲ್ಲಿಗೆ ಬಂದಿದ್ರಂತೆ. ಯಾಕೆ?" ಎಂದು ಕೇಳಿಯೇ ಬಿಟ್ಟೆ.

ನೀಲಮ್ಮ ನಗಲೂ ಇಲ್ಲ, ಅಳಲೂ ಇಲ್ಲ. "ಒಳಗೆ ಬರ್ರೀ" ಎಂದು ಹಿತ್ತಲಿಗೆ ಕರೆದುಕೊಂಡು ಹೋದಳು. ಬಾವಿಕಟ್ಟೆಯ ಪಕ್ಕ ಬಟ್ಟೆ ಒಗೆಯುವ ಚಪ್ಪಡಿ ಇತ್ತು. "ನನ್ನ ನೋಡಾಕೆ ಅಂತ ಬಂದಿದ್ರು. ಇದನ್ನ ನೋಡಿ ಹೋದ್ರು."

ಕೈ ತೊಳೆಯಲು ಹಿತ್ತಲಿಗೆ ಬಂದ ಗಂಡು ಎಷ್ಟು ಹೊತ್ತಾದರೂ ಒಳಗೆ ಹೋಗಲಿಲ್ಲವಂತೆ. ಹಿರಿಯರು ಹುಡುಕಿಕೊಂಡು ಬಂದರೆ, ಇವರು ಜರಿ ಪಂಚೆಯಲ್ಲೇ ಒದ್ದೆ ನೆಲದ ಮೇಲೆ ಮಲಗಿ, ಚಪ್ಪಡಿಯ ಅಡಿಗೆ ಕೈ ತೂರಿಸಿ ಮಣ್ಣು ತೆಗೆಯುತ್ತಿದ್ದರಂತೆ. ಮಗ್ಗುಲಲ್ಲಿ ಕುದುರೆಯ ಕಾಲೊಂದು ಇಣುಕಿದ್ದೇ ತಡ, ಅಡಿಯಲ್ಲಿ ಅಕ್ಷರಗಳಿವೆ ಎಂದು ಇವರಿಗೆ ಖಾತ್ರಿಯಾಗಿತ್ತು. ಮಲ್ಲಪ್ಪನವರಿಗೆ ಬೇರೆಯದೇ ಖಾತ್ರಿಯಾಯಿತು. ಕಲ್ಲಿನ ಮೇಲೆ ಅಕ್ಷರ ಇದ್ದರೆ ಕೆಳಗೆ ನಿಧಿ ಇರಲೇಬೇಕು; ಹೆಣ್ಣು ನೋಡುವ ನೆಪದಲ್ಲಿ ಹೊನ್ನು ನೋಡಲು ಬಂದ ಕಳ್ಳ ಇವನು ಎಂದು ಅಟ್ಟಿಬಿಟ್ಟರು.

"ಆಮೇಲೆ ಕಲ್ಲಿನ ಮಗ್ಗುಲಾಗೆ ಅಪ್ಪನೇ ಅಗೆದ. ಆಳುದ್ದ. ಬಂಗಾರ ಸಿಗಲಿಲ್ಲ, ಆ ಗುಂಡೀಲಿ ಈಗ ಹೀರೇಬಳ್ಳಿ ಹಾಕೀವಿ" ಎಂದಳು. "ನಿಧಿ ಅಂತ ಹೊರಗೆ ಹೇಳಂಗಿಲ್ಲ ನೋಡ್ರಿ, ಹೇಳಿದ್ರೆ ಊರೆಲ್ಲ ಹಿತ್ತಲಿಗೆ ಬರುತ್ತೆ. ಅದಕ್ಕೇ ಯಾರ್ ಕೇಳಿದ್ರೂ ಅಪ್ಪ ಸುಮ್ನಿದ್ದ. ಓಣಿಯೋರು ತಾವೇ ಹೇಳ್ಕೊಂಡ್ರು, ಹುಡುಗೀನ ಕಂಡು ಗಂಡು ಹಿತ್ತಲಿಗೆ ಓಡಿತು ಅಂತ. ಏನೋ ಐಬೈತೆ ಅಂತ."

ನನ್ನ ಗಂಡನಿಗೆ ಬೇರೆ ಸಂಸಾರವಿಲ್ಲ ಎಂದು ಎದೆ ಹಗುರಾಯಿತು. ಮರುಗಳಿಗೆಯೇ, ನನ್ನ ಗಂಡ ಈ ಮನೆಯವರಿಗೆ ಬೇಡವಾದ ಗಂಡು ಎಂದು ಸಿಟ್ಟು ಬಂತು. ಅದರ ಹಿಂದೆಯೇ ಅವಳ ನೊರೆ ಆರಿದ ಕೈ ನೋಡಿ ನನ್ನ ಸಿಟ್ಟಿಗೆ ನನಗೇ ನಾಚಿಕೆಯಾಯಿತು. ನಾನು ಹೊಸ ಬಳೆ ತೊಟ್ಟು ಊರೆಲ್ಲ ಗುಡಿ ನೋಡುತ್ತಿದ್ದೆ. ಅವಳು ಆ ಹಿತ್ತಲಲ್ಲೇ ಇದ್ದಳು.

ಸಂಜೆ ಇವರು ಬಂದು, "ಮನೆ ನಾಡಿದ್ದು ಖಾಲಿಯಾಗುತ್ತಂತೆ" ಎಂದು ಹೇಳುತ್ತಿದ್ದವರು, ಮಂಚದ ಮೇಲಿನ ತಮ್ಮ ಅಂಗಿಗಳನ್ನೂ ಮುಚ್ಚಿದ ಟ್ರಂಕನ್ನೂ ನೋಡಿ ನಿಂತರು.

"ನೀಲಮ್ಮನ ಮನೆಗೆ ಹೋಗಿದ್ದೆ" ಎಂದೆ.

ಟ್ರಂಕಿನ ಮೇಲೆ ಕುಸಿದು ಕೂತರು. "ಒಬ್ಬರು ಅಟ್ಟಿದ ಗಂಡು ಅಂತ ತಿಳಿದರೆ ನೀನೂ ಬೇಡ ಅಂದುಬಿಡ್ತೀಯೇನೋ ಅಂತ..." ಎಂದರು.

"ತಾಳಿ ಕಟ್ಟಿದ ಮೇಲೆ ಬೇಡ ಅನ್ನೋದುಂಟಾ?"

"ಬಾಯಲ್ಲಿ ಅನ್ನದೇ ಇರಬಹುದು."

ನೀಲಮ್ಮನ ಬಗ್ಗೆ ಓಣಿಯವರು ಆಡುತ್ತಿದ್ದ ಮಾತು ಹೇಳಿದೆ. ಅದು ಇವರಿಗೆ ಗೊತ್ತಿರಲಿಲ್ಲ. "ನಾಳೆ ಹೋಗಿ ಮಲ್ಲಪ್ಪನವರ ಹತ್ತಿರ ಮಾತಾಡ್ತೀನಿ" ಎಂದರು. ಬೆಳಿಗ್ಗೆ ಎದ್ದು ನೋಡಿದರೆ ಗಡ್ಡ ಕೆರೆದು, ಇಸ್ತ್ರಿ ಅಂಗಿ ತೊಟ್ಟು ನಿಂತಿದ್ದಾರೆ. ಕ್ಷಮೆ ಕೇಳಲು ಹೋಗುವವರಿಗೆ ಇಸ್ತ್ರಿ ಅಂಗಿ ಯಾಕೆ? "ನಾನೂ ಬರ್ತೀನಿ" ಎಂದೆ. ಮೆಟ್ಟಿಲ ಬುಡದಲ್ಲಿ ಎಲ್ಲ ಕೇಳಿಸಿಕೊಂಡಿದ್ದ ಗೌರಮ್ಮನವರು, "ನಾನೂ" ಎಂದು ಎದ್ದರು.

ಮಲ್ಲಪ್ಪನವರು ಬಾಗಿಲಿಗೆ ಅಡ್ಡ ನಿಂತರು. "ಬಂಗಾರ ಎಲ್ಲೈತೆ ಹೇಳ್ರಿ ಮೊದ್ಲು. ಒಳಗೆ ಬರೋದು ಆಮ್ಯಾಲೆ."

"ಕಲ್ಲು ಮಗುಚಿಸಿ, ಓದ್ತೀನಿ. ಎಲ್ಲರೆದುರೇ ಓದ್ತೀನಿ. ಬಂಗಾರದ ಮಾತಿದ್ದರೆ ನೀವೇ ಕೇಳಿಸಿಕೊಳ್ಳಿ" ಎಂದರು ಇವರು. ನಾನು ಮದುವೆಯಾದ ಮೇಲೆ ಇವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

ಬಂಗಾರ ಅಂದ ಮೇಲೆ ಓಣಿಗೆ ಓಣಿಯೇ ನೆರೆಯಿತು. ನಾಲ್ಕು ಜನ ಹಾರೆ ಹಾಕಿ ಚಪ್ಪಡಿ ಎತ್ತಿ ನಿಲ್ಲಿಸಿದರು. ಇವರು ಅದನ್ನು ತೊಳೆದರು. ಕೆಳಗಿನ ಪಟ್ಟಿಯಲ್ಲಿ ಕುದುರೆ, ಕತ್ತಿ, ಬಿದ್ದವರು. ನಡುವೆ ಇಬ್ಬರು ದೇವಕನ್ನಿಕೆಯರು ಒಬ್ಬನ ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಿದ್ದಾರೆ. ಮೇಲೆ ಲಿಂಗದ ಮುಂದೆ ಅವನೇ ಕೈ ಮುಗಿದು ಕೂತಿದ್ದಾನೆ. ಎಡೆಯಲ್ಲಿ ಸವೆದ ಅಕ್ಷರಗಳು. ಇವರು ಬೆರಳಿಟ್ಟು ತಡವರಿಸುತ್ತ ಓದಿದರು. ಊರಿನ ಹೆಂಗಸರ ಮೇಲೆ ಕೈ ಮಾಡಲು ಬಂದವರನ್ನು ತಡೆಯಹೋಗಿ ಸತ್ತವನ ಕಲ್ಲು ಅದು. ಅವನ ಹೆಸರಿದ್ದ ಜಾಗ ಚಕ್ಕೆ ಎದ್ದು ಹೋಗಿತ್ತು.

"ಬಂಗಾರದ ಮಾತು?" ಎಂದರು ಮಲ್ಲಪ್ಪನವರು.

"ಇಲ್ಲ."

"ಸರಿಯಾಗಿ ನೋಡ್ರೀ."

"ಇಲ್ಲ ಯಜಮಾನ್ರೇ. ಸತ್ತ ಅಂತ ಇದೆ, ಊರವರು ಕಲ್ಲು ನಿಲ್ಲಿಸಿದರು ಅಂತ ಇದೆ. ಅಷ್ಟೇ."

ಮಲ್ಲಪ್ಪನವರು ಕಲ್ಲನ್ನೊಮ್ಮೆ, ಹೀರೇಬಳ್ಳಿಯನ್ನೊಮ್ಮೆ ನೋಡಿದರು. ಆಗ ಗೌರಮ್ಮನವರು ಹೋಟೆಲಿನಲ್ಲಿ ಊಟಕ್ಕೆ ಕರೆಯುವ ದನಿಯಲ್ಲಿ ಕೂಗಿ ಹೇಳಿದರು: "ಹಂಗಾರೆ ಈ ಮನುಷ್ಯ ಹುಡುಗೀನ ಕಂಡು ಓಡಿದ್ದಲ್ಲ, ಕಲ್ಲು ಕಂಡು ಕೂತಿದ್ದು! ಹುಡುಗೀಗೆ ಏನೂ ಐಬಿಲ್ಲ, ಐಬಿರೋದು ಈ ಮೇಷ್ಟ್ರಿಗೆ. ಎಲ್ಲಾರೂ ಕೇಳಿದ್ರಾ?" ಓಣಿ ಗೊಳ್ಳೆಂದು ನಕ್ಕಿತು. ಇವರೂ ನಕ್ಕರು.

ಇನ್ನು ಆ ಕಲ್ಲಿನ ಮೇಲೆ ಬಟ್ಟೆ ಕುಟ್ಟುವುದು ಬೇಡ, ಪಾಪ ಹತ್ತುತ್ತದೆ ಎಂದು ಹಿರಿಯರು ತೀರ್ಮಾನಿಸಿ ಅದನ್ನು ಹೊತ್ತು ಬೇವಿನ ಮರದ ಬುಡದಲ್ಲಿ ನಿಲ್ಲಿಸಿದರು. ಖಾಲಿಯಾದ ಬಾವಿಕಟ್ಟೆಯ ಪಕ್ಕ ನೀಲಮ್ಮ ಬಟ್ಟೆಯ ಗಂಟು ಹಿಡಿದು ನಿಂತಿದ್ದಳು. "ಬಂದ ಗಂಡೂ ಹೋಯ್ತು, ಈಗ ಒಗೆಯೋ ಕಲ್ಲೂ ಹೋಯ್ತು" ಎಂದಳು ನನಗೆ ಮಾತ್ರ ಕೇಳುವಂತೆ.

ನಾವು ಸೊರಬ ಸೇರಿದೆವು. ಆ ಕಾರ್ತಿಕದಲ್ಲೇ ನೀಲಮ್ಮನ ಮದುವೆಯಾಯಿತು, ಕುಬಟೂರಿನ ಬೇಸಾಯಗಾರರ ಮನೆಗೆ. ಒಮ್ಮೆ ಗಂಡನೊಂದಿಗೆ ಸೊರಬದ ಸಂತೆಗೆ ಬಂದವಳು ನಮ್ಮನೆ ಹುಡುಕಿಕೊಂಡು ಬಂದು, "ಅಕ್ಕಾ, ನಮ್ಮೂರಿಗೆ ಬರ್ರೀ, ಗುಡಿ ನೋಡೋಣಂತೆ" ಎಂದು ಕರೆದಳು. ಒಂದು ಭಾನುವಾರ ಆನವಟ್ಟಿಯವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಕುಬಟೂರಿಗೆ ನಡೆದೆವು. ಅವಳ ಗಂಡ ನಗುಮುಖದ ದೃಢಕಾಯದ ಮನುಷ್ಯ. ಗುಡಿಯ ಬಾಗಿಲವರೆಗೆ ಬಂದು, "ನೀವು ನೋಡ್ಕೊಂಡು ಬರ್ರಿ ಮೇಷ್ಟ್ರೇ, ನಾನಿಲ್ಲಿ ಎಲೆ ಅಡಿಕೆ ಹಾಕ್ತಿರ್ತೀನಿ" ಎಂದು ಕಟ್ಟೆಯ ಮೇಲೆ ಕೂತ. ಇವರು ಆಗಲೇ ಕಂಬಗಳ ನಡುವೆ ಮಾಯವಾಗಿದ್ದರು.

ಹೊರಗೆ ಸಾಲಾಗಿ ನಿಂತ ಕಲ್ಲುಗಳ ಮುಂದೆ ನೀಲಮ್ಮ ನನ್ನನ್ನು ನಿಲ್ಲಿಸಿದಳು. "ಇದು ಮಾಸ್ತಿಗಲ್ಲು ಅಕ್ಕಾ, ಗಂಡನ ಚಿತೆ ಏರಿದೋಳ ಕಲ್ಲು. ಕಂಬದಿಂದ ಕೈ ಹೊರಗೆ ಬಂದೈತೆ ನೋಡ್ರಿ. ಬಳೆ ಒಡೆದಿಲ್ಲ. ಬೆರಳಿನಾಗೆ ನಿಂಬೆಹಣ್ಣು."

ನಾನು ತಲೆದೂಗಿದೆ. ಆಮೇಲೆ ಎಲ್ಲೋ ಏನೋ ಚುಚ್ಚಿತು. ಬೇವಿನಮರದ ಓಣಿಯಲ್ಲಿ ಇವರು ಓದಿದ್ದು ವೀರಗಲ್ಲು. ಅವತ್ತು ಮಾಸ್ತಿಯ ಮಾತೇ ಬಂದಿರಲಿಲ್ಲ.

"ಇದೆಲ್ಲ ನಿನಗೆ ಯಾರು ಹೇಳಿಕೊಟ್ರು?"

ಅವಳು ಕಲ್ಲಿನ ಬಳೆಯ ಮೇಲೆ ಬೆರಳಾಡಿಸಿದಳು. "ಅವತ್ತು ಕೈಗೆ ನೀರು ಹಾಕಾಕೆ ಹಿತ್ತಲಿಗೆ ಹೋದೋಳು ನಾನೇ ಅಲ್ವಾ ಅಕ್ಕಾ. ಕಲ್ಲಿನ ಮ್ಯಾಲೆ ನೀರು ಹಾಕಿದ್ದೂ ನಾನೇ. ಮಣ್ಣು ಕೆರೆಯಾಕೆ ಕುಡುಗೋಲು ತಂದುಕೊಟ್ಟಿದ್ದೂ ನಾನೇ. ಎಷ್ಟೊಂದು ಹೇಳಿದ್ರು ಮೇಷ್ಟ್ರು. ಕುಬಟೂರಾಗೆ ಇನ್ನೂ ಚೆಂದದ ಕಲ್ಲು ಅದಾವೆ ಅಂದ್ರು." ಕಟ್ಟೆಯ ಮೇಲೆ ಕೂತಿದ್ದ ಗಂಡನ ಕಡೆ ನೋಡಿ ನಕ್ಕಳು. "ಈ ಸಂಬಂಧ ಬಂದಾಗ ಅಪ್ಪ ಕೇಳಿದ, ಏನಂತೀಯೇ ಅಂತ. ಊರ ಹೆಸರು ಕೇಳಿ ಹೂಂ ಅಂದೆ."

ಅವಳ ದನಿಯಲ್ಲಿ ದುಃಖ ಹುಡುಕಿದೆ, ಸಿಗಲಿಲ್ಲ. ಗಂಡ ಕರೆದಾಗ ಅವಳು ಸಲೀಸಾಗಿ ಹೋಗಿ ಅವನ ಪಕ್ಕ ಕೂತು ಎಲೆಗೆ ಸುಣ್ಣ ಹಚ್ಚಿಕೊಟ್ಟಳು. ನಾನು ಮಾತ್ರ ನಿಂತಲ್ಲೇ ನಿಂತಿದ್ದೆ. ಎಷ್ಟು ಗುಡಿ, ಎಷ್ಟು ಕೆರೆ ಏರಿ, ಎಷ್ಟು ಬಿಸಿಲು! ಕೊಡೆ ಹಿಡಿದು ಇವರ ಹಿಂದೆ ಸುತ್ತಿದ ಅಷ್ಟು ದಿನಗಳಲ್ಲಿ ಒಮ್ಮೆಯಾದರೂ, ಇದರಲ್ಲಿ ಏನಿದೆ ಎಂದು ನಾನು ಕೇಳಿರಲಿಲ್ಲ.

ಪಕ್ಕದ ಮನೆಯಲ್ಲಿ ಒಂದು ಚೊಂಬು ಕೇಳಿ ಬಾವಿಯಿಂದ ನೀರು ತಂದೆ. ಇವರು ಗುಡಿಯ ಹಿಂದುಗಡೆ, ಹುಲ್ಲು ಮುಚ್ಚಿದ ಒಂದು ಶಾಸನದ ಮುಂದೆ ಮಂಡಿಯೂರಿ ಕೂತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಆ ಕಲ್ಲಿನ ನೆತ್ತಿಯ ಮೇಲೆ ನೀರು ಸುರಿದೆ. ಅಕ್ಷರಗಳು ಒಂದೊಂದಾಗಿ ಕಪ್ಪಗೆ ಮೇಲೆ ಬಂದವು.

"ಓದಿ" ಎಂದೆ. "ಮೊದಲಿನಿಂದ."